ಮೇಲೆ ಕುಂಕುಮ, ಒಳಗೆ ಜಿರಳೆ

ಶ್ರಾವಣ ಹಿಡಿಯಲು ಇನ್ನು ಎಂಟು ದಿನ ಅನ್ನುವಾಗ ಜೇವರ್ಗಿಯ ನನ್ನ ಅಂಗಡಿಗೆ ಪೇಟಿಗಳು ಬರತೊಡಗುತ್ತವೆ. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಕೆಲವು ಬೈಕಿನಲ್ಲಿ ಹಿಂದೆ ಕೂತವನ ತೊಡೆಯೇರಿ ಬರುತ್ತವೆ, ಕೆಲವು ಟಂಟಂನಲ್ಲಿ ಯೂರಿಯಾ ಚೀಲಗಳ ನಡುವೆ. ತಂದವರ ಮಾತು ಹೆಚ್ಚುಕಡಿಮೆ ಒಂದೇ: "ಮೊನ್ನಿ ತನಕ ಛಲೋ ಇತ್ರಿ ಮಾಮಾ. ಒಮ್ಮೆಲೆ ಏನಾಗ್ಯಾದೋ ಏನೋ, ದನಿನೇ ಏಳಲಾಕತ್ತಿಲ್ಲ. ಸೋಮವಾರದೊಳಗ ಮಾಡಿ ಕೊಡ್ರಿ."

ಮೊನ್ನೆಯ ತನಕ ಚೆನ್ನಾಗಿದ್ದು ಒಮ್ಮೆಲೇ ಕೆಟ್ಟ ಪೇಟಿಯನ್ನು ನಾನಂತೂ ನೋಡಿಲ್ಲ. ಮೇಲಿನ ಹಲಗೆ ಎತ್ತಿದರೆ ಸಾಕು, ಇದು ಎಷ್ಟು ವರ್ಷದ ಕತೆ ಅಂತ ತಿಳಿಯುತ್ತದೆ. ಜಿರಳೆಯ ಮೊಟ್ಟೆಗೂಡು, ತೊಗರಿ ಹೊಟ್ಟು, ಅಕ್ಷತೆಯ ಅಕ್ಕಿ, ಊದಿನಕಡ್ಡಿಯ ಬೂದಿ, ಕುಬುಸದ ಹುಕ್ಕು, ಅಪರೂಪಕ್ಕೆ ಹತ್ತು ರೂಪಾಯಿಯ ನೋಟು. ನೋಟು ಸಿಕ್ಕರೆ ಭಜನಾ ಮಂಡಳಿಯವರ ಮುಂದೆಯೇ ಎತ್ತಿ ಕೊಡುತ್ತೇನೆ. ಯಾರೋ ಪದಕ್ಕೆ ಮೆಚ್ಚಿ ಪೇಟಿಯ ಮೇಲೆ ಇಟ್ಟ ಕಾಣಿಕೆ ಅದು, ಸಂದಿಯಲ್ಲಿ ಜಾರಿರುತ್ತದೆ.

ಇವರೇನು ಮೈಗಳ್ಳರೇ? ಅಲ್ಲ. ಇದೇ ಜನ ಬೆಳೆಗೆ ಔಷಧಿ ಹೊಡೆಯುವ ಪಂಪನ್ನು ಕೆಲಸ ಮುಗಿದ ದಿನವೇ ತೊಳೆದು ಇಡುತ್ತಾರೆ. ಬೈಕಿಗೆ ಆಯಿಲ್ ಹಾಕಿಸುವುದನ್ನು ಮರೆಯುವುದಿಲ್ಲ. ಕಾರಹುಣ್ಣಿಮೆ ಬಂತೆಂದರೆ ಎತ್ತಿನ ಕೋಡು ಹೆರೆದು ಬಣ್ಣ ಹಚ್ಚುತ್ತಾರೆ. ಪೇಟಿಯ ಮೇಲೆ ಪ್ರೀತಿ ಇಲ್ಲ ಅನ್ನೋಣವೆಂದರೆ, ಅದನ್ನು ದಾಟುವವರಿಲ್ಲ. ಕಾಲು ತಾಕಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಹಾಗಿದ್ದೂ ಒಳಗೆ ಜಿರಳೆಯ ಸಂಸಾರ. ಯಾಕೆ ಹೀಗೆ ಅನ್ನುವುದು ರಿಪೇರಿಗಿಂತ ಕಷ್ಟದ ಪ್ರಶ್ನೆ. ಈಚೆಗೆ ಕಾಲೇಜು ಹುಡುಗರು ಗಿಟಾರ್ ಹಿಡಿದು ಬರತೊಡಗಿದ ಮೇಲೆ, ಇದು ಭಜನೆಯವರಿಗೆ ಮಾತ್ರ ಅಂಟಿದ ರೋಗವಲ್ಲ ಅನ್ನುವುದೂ ಖಾತ್ರಿಯಾಗಿದೆ.

ಪೇಟಿಯ ಒಳಗೆ ಏನಿದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಬಾರಿಸುವವರಲ್ಲೇ ಬಹಳ ಮಂದಿ ಅದನ್ನು ಕಂಡಿಲ್ಲ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬ್ಯಾಂ 1842ರಲ್ಲಿ ಹಾರ್ಮೋನಿಯಂ ಎಂದು ಪೇಟೆಂಟ್ ಪಡೆದದ್ದು ಕುರ್ಚಿಯ ಮೇಲೆ ಕೂತು ಕಾಲಿನಿಂದ ಗಾಳಿ ತುಳಿಯುವ ವಾದ್ಯ. ನಮ್ಮ ನಾಟಕ ಕಂಪನಿಗಳಲ್ಲಿ ಇದ್ದ ಕಾಲುಪೇಟಿ ಅದರ ವಂಶದ್ದು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದು ಕೈಯಲ್ಲಿ ನುಡಿಸುವ ಪೆಟ್ಟಿಗೆಯನ್ನಾಗಿ ಮಾಡಿದರು. ಜೊತೆಗೆ ಒಳಗಿನ ರಚನೆಯನ್ನೂ ಸರಳ ಮಾಡಿದರು, ಕಟ್ಟುವುದಕ್ಕೂ ರಿಪೇರಿಗೂ ಹಗುರಾಗಲಿ ಅಂತ. ನನ್ನ ಕಸುಬಿನ ಕಣ್ಣಿಗೆ ಅವರ ದೊಡ್ಡ ಕೆಲಸ ಇದೇ. ಮೇಲಿನ ಹಲಗೆ ಕೈಯಿಂದಲೇ ಬಿಡಿಸಿಕೊಳ್ಳುತ್ತದೆ, ಉಳಿದದ್ದಕ್ಕೆ ಒಂದು ಸ್ಕ್ರೂ ಡ್ರೈವರ್ ಸಾಕು. ಬಿಚ್ಚಲೆಂದೇ ಮಾಡಿದ ವಾದ್ಯವನ್ನು ನಾವು ಬಿಚ್ಚಬಾರದು ಎಂದು ನಂಬಿ ಕೂತಿದ್ದೇವೆ.

ಮೂರೂವರೆ ಸಪ್ತಕದ ಪೇಟಿಗೆ 42 ಮನೆ. ಮನೆ ಅಂದರೆ ಬೆರಳಿಟ್ಟು ಒತ್ತುವ ಪಟ್ಟಿ, ಕರಿಯದು ಬಿಳಿಯದು ಎರಡೂ. ಒಂದೊಂದು ಮನೆಗೂ ಎರಡು ರೀಡ್ ಇದ್ದರೆ ಒಟ್ಟು 84 ರೀಡ್. ರೀಡ್ ಅಂದರೆ ಹಿತ್ತಾಳೆಯ ತಗಡಿನ ಸೀಳಿನೊಳಗೆ ಅಲುಗುವ ಹಿತ್ತಾಳೆಯ ನಾಲಿಗೆ. ನಾಲಿಗೆಗೂ ಸೀಳಿಗೂ ನಡುವೆ ಇರುವ ಎಡೆ ಎಷ್ಟು ಕಿರಿದೆಂದರೆ ಒಂದು ತಲೆಗೂದಲು ಸಿಕ್ಕಿದರೆ ಸ್ವರ ಕಟ್ಟುತ್ತದೆ. ರೀಡಿನ ಕೆಲಸಕ್ಕೆ ಹೆಸರಾದ ಊರು ಗುಜರಾತಿನ ಪಾಲಿಟಾಣಾ. ಜೈನರು ಯಾತ್ರೆಗೆ ಹೋಗುವ ಊರು. ನಾವು ಪೇಟಿಯವರು ಅದನ್ನು ಬೇರೆ ಕಾರಣಕ್ಕೆ ನೆನೆಯುತ್ತೇವೆ. ಸ್ವರ ಏರಿಸಬೇಕಾದರೆ ನಾಲಿಗೆಯ ತುದಿಯನ್ನು ಸ್ವಲ್ಪ ಕೆರೆಯಬೇಕು, ಇಳಿಸಬೇಕಾದರೆ ಬುಡದ ಹತ್ತಿರ. ನಾಲಿಗೆಯ ಮೇಲೆ ದೂಳು ಕೂತರೆ ತುದಿ ಭಾರವಾಗಿ ಸ್ವರ ತಾನಾಗಿಯೇ ಇಳಿಯುತ್ತದೆ.

ಇನ್ನು ನಮ್ಮ ಹವೆ. ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ, ಗಾಳಿಯಲ್ಲಿ ಪಸೆ ಅನ್ನುವುದೇ ಇರುವುದಿಲ್ಲ. ಮರ ಒಣಗಿ ಕುಗ್ಗುತ್ತದೆ, ಸ್ಕ್ರೂ ಸಡಿಲಾಗುತ್ತವೆ, ಹಲಗೆಯ ಜೋಡಣೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಗಾಳಿ ಅಲ್ಲಿಂದ ಸೋರಲು ಶುರು. ಆಗಸ್ಟಿನಲ್ಲಿ ಅದೇ ಮರ ತೇವ ಕುಡಿದು ಉಬ್ಬುತ್ತದೆ. ಮನೆಗಳು ಒಂದಕ್ಕೊಂದು ತಿಕ್ಕಿ, ಒತ್ತಿದ್ದು ಮೇಲೇಳುವುದಿಲ್ಲ. ಡಿಸೆಂಬರ್–ಜನವರಿಗೆ ತೊಗರಿ ರಾಶಿ. ಮಷೀನು ಊರ ಅಂಚಿನಲ್ಲಿ ನಿಂತು ರಾಶಿ ಮಾಡುವಾಗ ಏಳುವ ದೂಳು ಕಿಟಕಿ ಮುಚ್ಚಿದರೂ ಗುಡಿಯೊಳಗೆ ಬರುತ್ತದೆ. ಪೇಟಿಯೋ ಗಾಳಿ ಎಳೆದುಕೊಳ್ಳುವ ವಾದ್ಯ. ಸುತ್ತ ಇರುವುದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಇಂಥ ಊರಿನಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ಒರೆಸದ ಪೇಟಿ ಸ್ವರದಲ್ಲಿ ಉಳಿದರೆ ಅದು ಪವಾಡವೇ ಸರಿ.

ಆದರೂ ಬಿಚ್ಚುವುದಿಲ್ಲ. ನನಗೆ ಕಂಡ ಮೊದಲ ಕಾರಣ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು: ನಾವು ಪೇಟಿಯನ್ನು ಪೂಜಿಸುತ್ತೇವೆ. ಖಂಡೆ ಪೂಜೆಯ ದಿನ ಪೇಟಿ, ತಬಲಾ, ತಾಳ ಎಲ್ಲವನ್ನೂ ಸಾಲಾಗಿ ಇಟ್ಟು ವಿಭೂತಿ ಬಳಿದು, ಕುಂಕುಮ ಭಂಡಾರ ಏರಿಸಿ, ಹೂವಿನ ಸರ ಹಾಕಿ, ಮುಂದೆ ಕಾಯಿ ಒಡೆಯುತ್ತಾರೆ. ವಿಭೂತಿಯ ಹುಡಿ ಮನೆಗಳ ಸಂದಿಯಿಂದ ಇಳಿದು ನೇರವಾಗಿ ರೀಡಿನ ಮೇಲೆ ಕೂರುತ್ತದೆ. ಕಾಯಿನೀರು ಸಿಡಿದ ಕಡೆ ಇರುವೆ ಸಾಲುಗಟ್ಟುತ್ತದೆ. ಒಂದು ಊರಿನಲ್ಲಂತೂ ಪ್ರತಿ ಅಮಾವಾಸ್ಯೆಗೆ ಪೇಟಿಗೆ ಎರಡು ಹನಿ ಎಣ್ಣೆ ಬಿಡುವ ಪದ್ಧತಿ ಇತ್ತು. ಆ ಎಣ್ಣೆಗೆ ದೂಳು ಹತ್ತಿ, ರೀಡಿನ ಮೇಲೆ ಮುಟ್ಟಿದರೆ ಅಂಟುವ ಕರಿ ಪದರ ಕಟ್ಟಿತ್ತು. ಆ ಮಂಡಳಿಯ ಹಿರಿಯರಿಗೆ ಎಣ್ಣೆ ಬೇಡ ಅಂದೆ. "ದೇವರ ವಸ್ತಾ ಅದ, ದೀಪಕ್ಕ ಎಣ್ಣಿ ಹಾಕಂಗ ಇದಕ್ಕೂ ಹಾಕಬೇಕಲ್ಲಪಾ" ಅಂದರು. ಪೂಜೆ ಮಾಡಿದವನಿಗೆ ತಾನು ಅದರ ಕಾಳಜಿ ತೆಗೆದುಕೊಂಡೆ ಅನ್ನುವ ತೃಪ್ತಿ ಆಗಿಬಿಡುತ್ತದೆ. ದೇವರ ಮೈಯನ್ನು ಸ್ಕ್ರೂ ಡ್ರೈವರಿನಿಂದ ಬಿಚ್ಚುವುದು ಹೇಗೆ ಅನ್ನುವ ಅಳುಕು ಬೇರೆ. ಪಂಪು ಯಂತ್ರ, ಅದಕ್ಕೆ ಸರ್ವಿಸ್ ಬೇಕು. ಪೇಟಿ ದೇವರು, ಅದಕ್ಕೆ ಆರತಿ ಸಾಕು. ನಾನು ಪೂಜೆ ಬೇಡ ಅನ್ನುವವನಲ್ಲ. ನನ್ನ ಅಂಗಡಿಯಲ್ಲೂ ಆ ದಿನ ಉಳಿಗೆ, ಅರಕ್ಕೆ ಕುಂಕುಮ ಹಚ್ಚುತ್ತೇನೆ, ಮರುದಿನ ಒರೆಸುತ್ತೇನೆ.

ಎರಡನೆಯದು ಇನ್ನೂ ಸೂಕ್ಷ್ಮ. ಪೇಟಿ ಯಾರದು? ಮುಂದಿನ ಹಲಗೆಯ ಮೇಲೆ ಬಣ್ಣದಲ್ಲಿ ದಾನಿಯ ಹೆಸರು ಬರೆದಿರುತ್ತದೆ. ಕೊಟ್ಟವರಿಗೆ ಹೆಸರು ಬಂತು, ಅಲ್ಲಿಗೆ ಅವರ ಕೆಲಸ ಮುಗಿಯಿತು. ಸರ್ಕಾರದ ನೆರವೂ ವಾದ್ಯ ಪರಿಕರಗಳ ಖರೀದಿಗೆ ಅಂತಲೇ ಸಿಗುತ್ತದೆ. ಕೊಳ್ಳುವ ದಿನ ಫೋಟೊ ಇದೆ, ಹಾರ ಇದೆ. ರೀಡ್ ಒರೆಸುವ ದಿನ ಯಾರು ಹಾರ ಹಾಕುತ್ತಾರೆ? ಪೇಟಿ ಇರುವುದು ಗುಡಿಯಲ್ಲಿ, ಕೀಲಿ ಪೂಜಾರಿಯ ಹತ್ತಿರ, ಬಾರಿಸುವವರು ಮೂವರು, ಎತ್ತಿ ಇಡುವವನು ನಾಲ್ಕನೆಯವನು. ರಿಪೇರಿಗೆ ಒಂದು ಸಾವಿರ ಖರ್ಚು ಅಂದರೆ ಪಟ್ಟಿ ಎತ್ತಬೇಕು. ಪಟ್ಟಿ ಎತ್ತಲು ಹೊರಟರೆ "ಹೋದ ವರ್ಷದ ಲೆಕ್ಕ ಎಲ್ಲಿ ಅದ?" ಅನ್ನುವ ಪ್ರಶ್ನೆ ಏಳುತ್ತದೆ. ಆ ಜಗಳಕ್ಕಿಂತ ಸೋರುವ ಪೇಟಿಯೇ ವಾಸಿ ಎಂದು ಎಲ್ಲರೂ ಸುಮ್ಮನಿರುತ್ತಾರೆ. ಒಬ್ಬನೂ ತಪ್ಪು ಮಾಡದೆ ವಾದ್ಯ ಹಾಳಾಗುವ ರೀತಿ ಇದು.

ಹಾಗಂತ ಸ್ವಂತದ್ದಾದರೆ ಜೋಪಾನ ಮಾಡುತ್ತಾರೆ ಅನ್ನುವಂತೆಯೂ ಇಲ್ಲ. ಜಾತ್ರೆಯ ನಾಟಕಗಳಿಗೆ ಹಾಡು ಕಲಿಸಿ ರಾತ್ರಿಯಿಡೀ ಬಾರಿಸುವ ಪೇಟಿ ಮಾಸ್ತರರ ಹೊಟ್ಟೆ ನಡೆಯುವುದೇ ಅದರ ಮೇಲೆ. ಆದರೂ ಹಂಗಾಮಿನಲ್ಲಿ ಇವತ್ತು ನೆಲೋಗಿ, ನಾಳೆ ಇಜೇರಿ ಎಂದು ಸುತ್ತುವಾಗ ಅವರು ತಿದಿಯ ಬಿರುಕಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ಹರಿದ ಸ್ಪ್ರಿಂಗಿನ ಜಾಗಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ, ಕೂಗು ನಿಲ್ಲಿಸದ ಮನೆಯ ಕೆಳಗೆ ಅರಳೆ ತುರುಕಿ ದಿನ ದೂಡುತ್ತಾರೆ. ನನಗೆ ಆ ಉಪಾಯಗಳನ್ನು ಕಂಡರೆ ಒಳಗೊಳಗೇ ಮೆಚ್ಚಿಕೆ. ರಾತ್ರಿ ಎರಡು ಗಂಟೆಗೆ, ರಾಜಾ ಪಾರ್ಟಿನವನು ಹಾಡಿಗೆ ಬಾಯಿ ತೆರೆದು ನಿಂತಾಗ, ಅವರಿಗೆ ಇರುವುದು ಅದೊಂದೇ ದಾರಿ. ತೊಂದರೆ ಎಲ್ಲಿದೆ ಅಂದರೆ ಆ ರಾತ್ರಿಯ ತೇಪೆ ಮುಂದೆ ಆರು ವರ್ಷ ಹಾಗೆಯೇ ಇರುತ್ತದೆ. ಒಮ್ಮೆ ಕೆಲಸ ನಡೆಯಿತಲ್ಲ, ಇನ್ನು ಮುಟ್ಟುವುದೇಕೆ?

ಇದಕ್ಕೆ ತದ್ವಿರುದ್ಧ ನಡೆದುಕೊಳ್ಳುವವರನ್ನೂ ಕಂಡಿದ್ದೇನೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ, ಕಣ್ಣು ಕಾಣದ ಮಾಸ್ತರರೊಬ್ಬರು. ಪಂಚಾಕ್ಷರಿ ಗವಾಯಿಗಳು ಕಟ್ಟಿ, 2010ರಲ್ಲಿ ತೀರಿಕೊಳ್ಳುವ ತನಕ ಪುಟ್ಟರಾಜ ಗವಾಯಿಗಳು ನಡೆಸಿದ ಆ ಆಶ್ರಮದಿಂದ ನಮ್ಮ ಭಾಗಕ್ಕೆ ಎಷ್ಟೋ ಜನ ಗಾಯಕರು, ಪೇಟಿ–ತಬಲಾದವರು ಬಂದಿದ್ದಾರೆ. ಈ ಮಾಸ್ತರರು ಯಾವ ಊರಿನ ಪೇಟಿಯ ಮುಂದೆ ಕೂತರೂ ಮೊದಲು ಸ್ವರ ಒತ್ತುವುದಿಲ್ಲ. ಸ್ಟಾಪರುಗಳನ್ನೆಲ್ಲ ಒಳಗೆ ತಳ್ಳಿ, ತಿದಿಗೆ ಗಾಳಿ ತುಂಬಿ, ಕೈ ಬಿಟ್ಟು ಸುಮ್ಮನೆ ಕೂರುತ್ತಾರೆ. ಗಾಳಿ ಎಷ್ಟು ಹೊತ್ತು ನಿಲ್ಲುತ್ತದೆ, ಸುಸ್ ಅನ್ನುವ ಸದ್ದು ಯಾವ ಮೂಲೆಯಿಂದ ಬರುತ್ತದೆ ಎಂದು ಕೇಳಿಸಿಕೊಂಡು, ಅಲ್ಲಿ ಬೆರಳಿಟ್ಟು "ಇಲ್ಲಿ ನೋಡ್ರಿ" ಅನ್ನುತ್ತಾರೆ. ಪೇಟಿಯ ಆರೋಗ್ಯ ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು. ತುಂಬಿದ ತಿದಿ ಒಂದೆರಡು ಉಸಿರಿನಲ್ಲೇ ಕುಸಿದರೆ ಗಾಳಿ ಎಲ್ಲೋ ಸೋರುತ್ತಿದೆ; ಬಾರಿಸುವವನ ರಟ್ಟೆ ನೋವು ವಯಸ್ಸಿನದಲ್ಲ.

ಈಗ ಮೂರನೆಯ ಕಾರಣ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ: ಹಾಳಾಗುವುದು ಬಾರಿಸುವವನ ಕಿವಿಗೆ ಕೇಳುವುದಿಲ್ಲ. ಒಂದು ಮನೆಯ ಎರಡು ರೀಡುಗಳೂ ಸೆಕೆಂಡಿಗೆ 440 ಸಲ ಅಲುಗಿದರೆ ದನಿ ಒಂದೇ ಸಮ ನಿಲ್ಲುತ್ತದೆ. ಒಂದು 440, ಇನ್ನೊಂದು 442 ಆದರೆ ಸೆಕೆಂಡಿಗೆ ಎರಡು ಸಲ ದನಿ ಉಬ್ಬಿ ಇಳಿಯುತ್ತದೆ. ಈ ವ್ಯತ್ಯಾಸ ರಾತ್ರೋರಾತ್ರಿ ಆಗುವುದಲ್ಲ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಜಾರುತ್ತದೆ. ದಿನಾ ಅದೇ ಪೇಟಿ ಕೇಳುವ ಕಿವಿ ಅದರ ಜೊತೆಗೇ ಜಾರುತ್ತದೆ. ಹಾಡುವವರ ಕಂಠವೂ ಅಷ್ಟೆ. ಪೇಟಿಯ ಗಂಧಾರ ಇಳಿದರೆ ಊರಿನ ಗಂಧಾರವೇ ಇಳಿಯುತ್ತದೆ! ಕೊನೆಗೆ ಆ ಅಲೆಯೇ ಮಧುರ ಅನಿಸತೊಡಗುತ್ತದೆ. ಎಲ್ಲ ರೀಡ್ ಒರೆಸಿ ಸುರ ಕೂಡಿಸಿ ಕೊಟ್ಟ ಪೇಟಿಯನ್ನು ಮರುದಿನವೇ ವಾಪಸು ತಂದವರಿದ್ದಾರೆ. "ಮಾಮಾ, ದನಿ ತೆಳ್ಳಗ ಆಗ್ಯಾದ. ಮೊದಲಿನ ತೂಕ ಇಲ್ಲ." ಅವರು ತೂಕ ಅಂದದ್ದು ಆ ಬೇಸುರನ್ನೇ. ಏನು ಹೇಳಲಿ? ಎರಡು ಅಮಾವಾಸ್ಯೆ ಬಾರಿಸಿ ನೋಡ್ರಿ ಅಂದು ಕಳಿಸುತ್ತೇನೆ. ಕಿವಿ ಮತ್ತೆ ಒಗ್ಗುತ್ತದೆ.

ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿತ್ತು. ಅದರ ಸ್ವರಗಳು ಗಟ್ಟಿಯಾಗಿ ನಿಂತುಬಿಡುತ್ತವೆ, ನಮ್ಮ ರಾಗಗಳ ಮೀಂಡು–ಶ್ರುತಿಗಳಿಗೆ ಒಗ್ಗುವುದಿಲ್ಲ ಅನ್ನುವುದು ಆಗಿನ ವಾದ. 1971ರ ತನಕ ಆ ತಡೆ ಇತ್ತು. ಬೆಳಗಾವಿಯ ರಾಂಭಾವು ಬಿಜಾಪುರೆ ಅಂಥವರು ನುಡಿಸಿದ್ದನ್ನು ಕೇಳಿದವರು ಆ ವಾದವನ್ನು ಪೂರ್ತಿ ಒಪ್ಪಲಾರರು. ನನಗೆ ನಗು ಬರುವುದು ಬೇರೆ ಕಾರಣಕ್ಕೆ. ಪೇಟಿಯ ಸ್ವರ ಅಲುಗುವುದಿಲ್ಲ ಅನ್ನುವುದು ಆ ಪಂಡಿತರ ದೂರು. ಅವರು ಜೇವರ್ಗಿ ತಾಲ್ಲೂಕಿನ ಪೇಟಿಗಳನ್ನು ಕೇಳಿರಲಿಲ್ಲ.

ಪೇಟಿ ಹೀಗೆ ಜಾರುವುದರಿಂದ ಹಳಬರಿಗೆ ದೊಡ್ಡ ನಷ್ಟವಿಲ್ಲ. ಅವರ ಗಂಟಲು ಗಟ್ಟಿ, ಪೇಟಿ ಎತ್ತ ಹೋದರೂ ಪದ ತಪ್ಪುವುದಿಲ್ಲ. ನಷ್ಟ ಹೊಸಬರಿಗೆ. ಗುಡಿಯ ಪೇಟಿಯ ಮುಂದೆ ಕೂತು ಸರಿಗಮ ಕಲಿತ ಹುಡುಗಿಯೊಬ್ಬಳು ಕಲಬುರಗಿಯ ಸ್ಪರ್ಧೆಗೆ ಹೋದಳು. ಅಲ್ಲಿ ಸುರ ಸರಿಯಿದ್ದ ಪೇಟಿಯ ಜೊತೆ ಹಾಡಿದಾಗ ಸ್ವರ ಇಳಿಯುತ್ತದೆ ಎಂದರಂತೆ. ಅವಳು ಬಂದು ಅಪ್ಪನಿಗೆ ಹೇಳಿದ್ದು, ನನಗೆ ಹಾಡು ಬರುವುದಿಲ್ಲ ಅಂತ. ಅವಳು ತಾನು ಕಲಿತ ಗಂಧಾರವನ್ನು ಚೊಕ್ಕವಾಗಿಯೇ ಹಾಡಿದ್ದಳು, ಕಲಿಸಿದ ರೀಡಿನ ಮೇಲೆ ದೂಳು ಇತ್ತು. ಆ ಪೇಟಿ ಬಿಚ್ಚಿದವನು ನಾನೇ ಆದ್ದರಿಂದ ಇಷ್ಟು ಧೈರ್ಯವಾಗಿ ಹೇಳುತ್ತೇನೆ.

ಗಿಟಾರಿನ ಮಾತಿಗೆ ಬಂದರೂ ಇದೇ ಎದುರಾಗುತ್ತದೆ. ನಮ್ಮ ಹುಡುಗರು ಕಲಬುರಗಿಯಲ್ಲಿ ಓದುವಾಗಲೋ ಬೆಂಗಳೂರಿನ ಮೊದಲ ಸಂಬಳದಲ್ಲೋ ಗಿಟಾರ್ ಕೊಳ್ಳುತ್ತಾರೆ. ಚರ್ಚಿನಲ್ಲಿ ಬಾರಿಸುವ ಹುಡುಗರೂ ಬರುತ್ತಾರೆ. ಕೊಂಡಾಗ ಹಾಕಿದ್ದ ತಂತಿಯೇ ನಾಲ್ಕು ವರ್ಷವಾದರೂ ಇರುತ್ತದೆ, ಕಂದು ಬಣ್ಣಕ್ಕೆ ತಿರುಗಿ. ತಂತಿ ಉಕ್ಕಿನದು, ದಪ್ಪ ತಂತಿಗಳ ಮೇಲೆ ಕಂಚಿನ ಸುತ್ತು. ನಮ್ಮ ಸೆಕೆಯಲ್ಲಿ ಬೆರಳಿನ ಬೆವರು, ಬೆವರಿನ ಉಪ್ಪು. ಬಾರಿಸಿ ಒಂದು ಒಣಬಟ್ಟೆಯಿಂದ ಒರೆಸಿಟ್ಟರೆ ತಂತಿ ತಿಂಗಳುಗಟ್ಟಲೆ ಹೆಚ್ಚು ಬಾಳುತ್ತದೆ. ಒರೆಸುವುದಿಲ್ಲ. ಆರು ತಂತಿಗಳೂ ಸೇರಿ ಸುಮಾರು 70 ಕಿಲೊ ತೂಕದಷ್ಟು ಬಲದಿಂದ ಗಿಟಾರಿನ ಕುತ್ತಿಗೆಯನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ತಗಡಿನ ಮಾಳಿಗೆಯ ಕೋಣೆಯಲ್ಲಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದ ಗಿಟಾರಿನ ಅಂಟು ಮೆತ್ತಗಾಗಿ ಬ್ರಿಡ್ಜ್ ಮೇಲೇಳುತ್ತದೆ, ಕುತ್ತಿಗೆ ಬಾಗುತ್ತದೆ, ತಂತಿಗೂ ಫ್ರೆಟ್ಟಿಗೂ ನಡುವೆ ಎಡೆ ಹೆಚ್ಚುತ್ತದೆ. ಗಿಟಾರ್ ಕಟ್ಟುವವರು ಗಾಳಿಯ ತೇವ ಶೇ 45ರಿಂದ 55ರ ಒಳಗೆ ಇರಲಿ ಅನ್ನುತ್ತಾರೆ. ನಮ್ಮ ಮೇ ತಿಂಗಳಿಗೂ ಆಗಸ್ಟಿಗೂ ಆ ಸಂಖ್ಯೆ ತೋರಿಸಿ ಬನ್ನಿ!

ಹುಡುಗನೊಬ್ಬ ಅಂಥದ್ದೊಂದು ಗಿಟಾರ್ ತಂದು ಮಾರಿಸಿಕೊಡಿ ಅಂದ. "ಯಾಕೋ ತಮ್ಮಾ?" ಅಂದರೆ, "ಬ್ಯಾಡ್ರಿ ಅಂಕಲ್, ನನಗ ಇದು ಒಲಿಯಂಗಿಲ್ಲ. ಬೆರಳೆಲ್ಲಾ ಗಾಯ ಆಗ್ತಾವ, ಎಫ್ ಕಾರ್ಡ್ ಹಿಡೀಲಾಕ ಬರಲ್ಲ." ತಂತಿ ಅಷ್ಟು ಎತ್ತರಕ್ಕೆ ಎದ್ದಿದ್ದ ಗಿಟಾರಿನಲ್ಲಿ ಆ ಕಾರ್ಡ್ ಹಿಡಿಯಲು ಪಳಗಿದವರಿಗೂ ಆಗದು. ಕುತ್ತಿಗೆಯೊಳಗಿನ ಕಬ್ಬಿಣದ ಸರಳನ್ನು ಆಲನ್ ಕೀಲಿಯಿಂದ ಸ್ವಲ್ಪ ತಿರುಗಿಸಿ, ಬ್ರಿಡ್ಜಿನ ಮೇಲಿನ ಬಿಳಿ ಪಟ್ಟಿ ಉಜ್ಜಿ ತಗ್ಗಿಸಿ, ಹೊಸ ತಂತಿ ಹಾಕಿ ಕೊಟ್ಟೆ. ಅಂಗಡಿಯಲ್ಲೇ ಕೂತು ಬಾರಿಸಿದ, ಮಾರುವ ಮಾತು ಬಿಟ್ಟ. ಇವನಿಗೆ ಯಾರಾದರೂ ಹೇಳಿದ್ದರೆ ತಾನೇ ಗೊತ್ತಾಗಬೇಕು? ಮಾರುವವನು ಹೇಳಲಿಲ್ಲ. ಮೊಬೈಲಿನಲ್ಲಿ ಪಾಠ ಹೇಳುವವರ ಗಿಟಾರ್ ಮೊದಲೇ ಸಜ್ಜಾಗಿರುತ್ತದೆ. ಅವರ ಪಾಠ ಶುರುವಾಗುವುದೇ ಕಾರ್ಡಿನಿಂದ. ಕಲಿಯುವವನಿಗೆ ತಪ್ಪು ತನ್ನ ಬೆರಳಿನದೋ ಮರದ್ದೋ ತಿಳಿಯದು. ತಿಳಿಯದಿದ್ದಾಗ ಅವನು ಬೈದುಕೊಳ್ಳುವುದು ತನ್ನನ್ನೇ.

ಬೇಕೆಂದೇ ವಾದ್ಯವನ್ನು ಹಾಗೇ ಬಿಟ್ಟ ದೊಡ್ಡವರೂ ಇದ್ದಾರೆ ಅನ್ನುವುದನ್ನು ಓದಿಕೊಂಡ ಹುಡುಗರು ನನ್ನ ಮುಂದೆ ತಂದು ಇಡುತ್ತಾರೆ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ 1960ರ ದಶಕದ ಹಾಡುಗಳಿಗೆ ಬೇಸ್ ಗಿಟಾರ್ ನುಡಿಸಿದ ಜೇಮ್ಸ್ ಜೇಮರ್ಸನ್, ತಂತಿ ಹರಿಯುವ ತನಕ ಬದಲಿಸುತ್ತಿರಲಿಲ್ಲ. ಕೊಳೆ ಕೂತ ತಂತಿಯ ಮಂದ ದನಿಯೇ ಅವರಿಗೆ ಬೇಕಿತ್ತು. ನಿಜ. ಆದರೆ ಅದು ಬೇಸ್ ಗಿಟಾರು, ದಪ್ಪ ತಂತಿ. ಅವರ ಕಿವಿಗೆ ಏನು ಬೇಕೆಂದು ಗೊತ್ತಿತ್ತು, ಗೊತ್ತಿದ್ದು ಬಿಟ್ಟರು. ಇನ್ನೊಬ್ಬರು ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್. 1969ರಲ್ಲಿ ಕೊಂಡ ಮಾರ್ಟಿನ್ ಗಿಟಾರಿನ ಮುಂಭಾಗ ಸವೆದು ದೊಡ್ಡ ತೂತೇ ಬಿದ್ದಿದೆ, ಅದನ್ನೇ ನುಡಿಸುತ್ತಾರೆ. ತೂತು ಮಾತ್ರ ಚಿತ್ರದಲ್ಲಿ ಕಾಣುತ್ತದೆ. ಆ ಗಿಟಾರನ್ನು ಆಸ್ಟಿನ್ ನಗರದ ಒಬ್ಬ ರಿಪೇರಿಗಾರರು ದಶಕಗಳಿಂದ ಪರೀಕ್ಷಿಸಿ, ಒಳಗಿನ ಪಟ್ಟಿಗಳನ್ನು ಭದ್ರಪಡಿಸುತ್ತ ಬಂದದ್ದು ಕಾಣುವುದಿಲ್ಲ. ಹಳೆಯದಾಗಿ ಕಾಣುವಂತೆ ಹೊಸ ಗಿಟಾರನ್ನೇ ಕೆರೆದು ದುಬಾರಿ ಬೆಲೆಗೆ ಮಾರುವ ಕಂಪನಿಗಳೂ ಈಗ ಇವೆಯಂತೆ. ಅದನ್ನು ಕೇಳಿದ ನಮ್ಮ ಟಂಟಂ ಡ್ರೈವರ್ ತನ್ನ ಗಾಡಿಗೆ ಎಷ್ಟು ಸಿಗಬಹುದೆಂದು ವಿಚಾರಿಸಿದ.

ನಮ್ಮ ತತ್ವಪದದವರ ತಂಬೂರಿಯ ಬಗ್ಗೆ ಮಾತ್ರ ನನಗೆ ದೂರು ಕಡಿಮೆ. ಮೊದಲು ನಮ್ಮ ತಾಲ್ಲೂಕಿಗೇ ಸೇರಿದ್ದ, ಈಗ ಯಡ್ರಾಮಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನವರ, ಅವರ ಶಿಷ್ಯ ಚನ್ನೂರಿನ ಜಲಾಲಸಾಹೇಬರ ಪದಗಳನ್ನು ಹಾಡುವ ಮುದುಕರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ತಂಬೂರಿ ಸಾಮಾನ್ಯವಾಗಿ ತಂದೆಯಿಂದಲೋ ಗುರುವಿನಿಂದಲೋ ಬಂದದ್ದು. ಮನೆಯೊಳಗಿನ ಗೂಟಕ್ಕೆ, ನೆಲದ ತೇವವೂ ಇಲಿಯೂ ತಾಕದ ಎತ್ತರದಲ್ಲಿ, ಹಳೆಯ ಧೋತರದ ಗವಸಿನಲ್ಲಿ ತೂಗುತ್ತಿರುತ್ತದೆ. ಅದರ ಬುರುಡೆ ಒಡೆದರೆ ಇನ್ನೊಂದು ಸಿಗುವುದು ಸುಲಭವಲ್ಲ ಅನ್ನುವುದು ಅವರಿಗೆ ಗೊತ್ತು. ಸಿತಾರು–ತಾನ್ಪುರಗಳಿಗೆ 2024ರಲ್ಲಿ ಜಿಐ ಟ್ಯಾಗ್ ಪಡೆದ ಮಿರಜಿನವರೂ ಬುರುಡೆಗೆ ಪಂಢರಪುರದ ಕಡೆಯ ಬೆಳೆಗಾರರನ್ನೇ ನಂಬಿದ್ದಾರೆ. ಆ ಬುರುಡೆಗಳು ಬೆಳೆಯುವುದು ಇದೇ ಭೀಮಾ ನದಿಯ ದಂಡೆಯಲ್ಲಿ; ಅಲ್ಲಿಂದ ಹರಿದ ನೀರೇ ಅಫಜಲಪುರ ದಾಟಿ ನಮ್ಮ ಕಟ್ಟಿ ಸಂಗಾವಿಯ ಸೇತುವೆಯ ಕೆಳಗೆ ಬರುತ್ತದೆ. ತಂಬೂರಿ ಉಳಿಯಲು ಇನ್ನೊಂದು ಕಾರಣ, ಪ್ರತಿ ಪದಕ್ಕೂ ಮೊದಲು ಬಿರಡೆ ತಿರುವಿ ಶ್ರುತಿ ಮಾಡಲೇಬೇಕು. ವಾದ್ಯವೇ ದಿನಾ ಕಿವಿ ಕೇಳುತ್ತದೆ. ಪೇಟಿ ಹಾಗೆ ಕೇಳುವುದಿಲ್ಲ. ತೆರೆದರೆ ಸಾಕು, ಎಂಥದೋ ಒಂದು ದನಿ ಕೊಟ್ಟುಬಿಡುತ್ತದೆ. ಅದರ ಆ ಒಳ್ಳೆಯತನವೇ ಅದಕ್ಕೆ ಮುಳುವಾಯಿತು. ಮೈಕು ಬಂದ ಮೇಲಂತೂ ದನಿ ಸಣ್ಣಗಾದರೆ ಪೇಟಿ ಬಿಚ್ಚುವ ಬದಲು ಆಂಪ್ಲಿಫೈರಿನ ಗುಂಡಿ ತಿರುವುತ್ತಾರೆ. ಪೇಟಿಗೆ ಐದು ನೂರು ಬಿಚ್ಚದ ಮಂಡಳಿ ಸ್ಪೀಕರಿಗೆ ಇಪ್ಪತ್ತು ಸಾವಿರ ಕೂಡಿಸಿದ್ದನ್ನು ನೋಡಿದ್ದೇನೆ.

ತಬಲಾದ ಬಗ್ಗೆ ಹೆಚ್ಚು ಬರೆಯಲಾರೆ, ತೊಗಲಿನ ಕೆಲಸ ನನ್ನದಲ್ಲ. ಒಂದು ಮಾತು: ಅದರ ನಡುವಿನ ಕರಿ ಬೊಟ್ಟಿನಲ್ಲಿ ಕಬ್ಬಿಣದ ಪುಡಿಯ ಜೊತೆ ಹಿಟ್ಟಿನ ಅಂಟು ಇರುತ್ತದೆ, ಇಲಿಗೆ ಆ ವಾಸನೆ ಗೊತ್ತು. ಡಬ್ಬಿಯಲ್ಲಿ ಮುಚ್ಚಿಡಿ.

ಪೇಟಿಗೆ ಬೇಕಾದದ್ದು ಬಹಳ ಇಲ್ಲ. ಮಿರಗದ ಮಳೆ ಹಿಡಿಯುವ ಮೊದಲು, ಅಂದರೆ ಜೂನ್ ಮೊದಲ ವಾರದ ಒಳಗೆ, ಮೇಲಿನ ಹಲಗೆ ತೆಗೆದು ಮೆತ್ತನೆಯ ಒಣ ಬ್ರಷ್ಷಿನಿಂದ ದೂಳು ಝಾಡಿಸಬೇಕು. ರೀಡಿಗೆ ಬೆರಳು ತಾಕಿಸಬಾರದು, ಎಣ್ಣೆಯಂತೂ ಹನಿಯೂ ಬೇಡ. ನೆಲದ ಮೇಲಲ್ಲ, ಮಣೆಯ ಮೇಲೆ ಇಡಬೇಕು. ಒಳಗೆ ಒಣಗಿದ ಬೇವಿನೆಲೆ ಹಾಕಿದರೆ ಹುಳು ಹತ್ತಿರ ಬರುವುದು ಕಡಿಮೆ. ಬಾರಿಸಿ ಮುಗಿದ ಮೇಲೆ ತಿದಿ ಪೂರ್ತಿ ಮುಚ್ಚಿ ಕೊಂಡಿ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ವಾರಕ್ಕೊಮ್ಮೆಯಾದರೂ ಬಾರಿಸಬೇಕು. ಮನೆಗಳ ಕೆಳಗಿನ ತೊಗಲು ಅಲುಗದೆ ಕೂತರೆ ಬಿರುಸಾಗಿ ಗಾಳಿ ಬಿಡುತ್ತದೆ. ಶ್ರಾವಣಕ್ಕೆ ತೆರೆದು, ಶ್ರಾವಣಕ್ಕೆ ಮುಚ್ಚುವ ಪೇಟಿ ಹನ್ನೊಂದು ತಿಂಗಳು ಸುಮ್ಮನಿದ್ದೇ ಹಾಳಾಗುತ್ತದೆ.

ಇದನ್ನು ಈಗ ಬಾಯಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಪೇಟಿ ತಂದವರನ್ನೇ ಕೂರಿಸಿ, ಕೈಗೆ ಬ್ರಷ್ ಕೊಟ್ಟು, ಅವರಿಂದಲೇ ಮೊದಲ ಸಾಲು ಒರೆಸಿಸುತ್ತೇನೆ. ಒರೆಸಿದ ಮನೆ, ಒರೆಸದ ಮನೆ ಎರಡನ್ನೂ ಒತ್ತಿ ಕೇಳಿಸುತ್ತೇನೆ. ಪಕ್ಕಪಕ್ಕದಲ್ಲಿ ಕೇಳಿದಾಗ ಮಾತ್ರ ಆ ಜಾರಿದ ಕಿವಿ ನೆಟ್ಟಗಾಗುತ್ತದೆ. ಗಂಡಸರು ಹೌದಲ್ರೀ ಅಂದು, ಉಳಿದದ್ದು ನೀವೇ ಮಾಡಿ ಅಂತ ಚಹಾಕ್ಕೆ ಹೋಗುತ್ತಾರೆ.

ಹೋಗದೆ ಕೂತವರು ಒಂದು ಹಳ್ಳಿಯ ಹೆಂಗಸರು. ಸ್ವಸಹಾಯ ಸಂಘದ ಉಳಿತಾಯದಲ್ಲಿ ಅವರೇ ಕೂಡಿ ಕೊಂಡ ಪೇಟಿ ಅದು, ಮುಂದಿನ ಹಲಗೆಯ ಮೇಲೆ ಯಾರ ಹೆಸರೂ ಇಲ್ಲ. ಸಂಘದ ವಹಿಯಲ್ಲೇ ಪೇಟಿಗೂ ಒಂದು ಪುಟ ಇಟ್ಟಿದ್ದಾರೆ. ಯಾವ ವಾರ ಯಾರ ಮನೆಯಲ್ಲಿ ಇತ್ತು, ಪೇಟಿಯ ಯಾವ ಮನೆ ಸಿಕ್ಕಿಕೊಂಡಿತು, ಎಲ್ಲ ಬರೆದಿರುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ, ಅಂಗಡಿ ಖಾಲಿ ಇರುವಾಗಲೇ ಬರುತ್ತಾರೆ. ಹೋದ ಸಲ ನಾನು ಕೂಲಿ ಹೇಳಿದಾಗ ಅವರಲ್ಲಿ ಹಿರಿಯಳು ವಹಿ ಮುಚ್ಚಿ ಕೇಳಿದಳು: "ಒರಸಾದು ನಾವೇ ಒರಸೀವಿ, ಅಂಟು ಹಚ್ಚಾದು ನಾವೇ ಹಚ್ಚೀವಿ. ಬರೇ ಸುರ ಕೂಡಸಲಾಕ ಇಷ್ಟ್ಯಾಕ ಅಣ್ಣಾ?" ಉತ್ತರ ಹೊಳೆಯಲಿಲ್ಲ. ಇನ್ನೂರು ರೂಪಾಯಿ ಬಿಟ್ಟೆ. ಅವಳು ಅದನ್ನೂ ವಹಿಯಲ್ಲಿ ಬರೆದುಕೊಂಡಳು, ಮುಂದಿನ ವರ್ಷ ತೋರಿಸಲು ಬೇಕಾಗುತ್ತದೆ ಅಂತ.